ಮೂಕಮ್ಮನ ಹೆಸರು

ನನ್ನ ಮಗಳು ಸತ್ತ ಕತೆಯನ್ನು ನಾನು ಬೇರೆಯವರ ಬಾಯಿಂದ ಕೇಳಿದ್ದು ಶಿಕಾರಿಪುರದ ಒಂದು ಹೊಲಿಗೆ ಅಂಗಡಿಯಲ್ಲಿ.

ಆಷಾಢದ ಮಧ್ಯಾಹ್ನ. ರವಿಕೆಯ ತೋಳು ಬಿಗಿಯಾಗಿತ್ತು, ಬಿಚ್ಚಿಸಲು ಹೋಗಿದ್ದೆ. ಅಂಗಡಿಯ ಶ್ರೀಲತಾಗೆ ಐವತ್ತರ ಹತ್ತಿರ ವಯಸ್ಸು. ಅವಳ ಕಾಲು ಮಿಷನ್ ತುಳಿಯುತ್ತಿದ್ದರೂ ಕಣ್ಣು ಮೊಬೈಲಿನ ಮೇಲೇ ಇರುತ್ತದೆ. ಅವತ್ತು ಗುಂಡಿ ಹಚ್ಚುವ ಹೆಂಗಸಿಗೆ ಏನನ್ನೋ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು.

"ಗದ್ದೆಯ ಬದುವಿನಲ್ಲಿ ನನ್ನ ತಂಗಿಯನ್ನು ಹೂತೆವು. ಅಪ್ಪ ಅಳಲಿಲ್ಲ. ಬೆಳಗಾದರೆ ಮಂದೆ ಮುಂದಿನ ಊರಿಗೆ ಹೋಗಬೇಕಿತ್ತು. ಅವ್ವ ತಂಗಿಯ ಕಾಲ್ಗೆಜ್ಜೆ ಬಿಚ್ಚಿ ಒಂದು ಮರಿಯ ಕೊರಳಿಗೆ ಕಟ್ಟಿದಳು. ದಾರಿಯುದ್ದಕ್ಕೂ ಆ ಸದ್ದು ನಮ್ಮ ಜೊತೆ ಬಂತು."

ಓದಿ ಮುಗಿಸಿ ಶ್ರೀಲತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಕೇಳಿದೆ: "ಆ ಹುಡುಗಿ ಹೆಸರೇನಂತೆ?"

"ಮಲ್ಲಿಗೆ ಅಂತ ರೀ. ಎಷ್ಟು ಚೆಂದ ಐತೆ ಅಲ್ವಾ?"

"ಬರೆದೋರು ಯಾರು?"

"ಕುರಿಗಾಹಿಯ ಮಗ ಅಂತ ಹಾಕ್ಕೊಂಡಾನೆ. ಸ್ವಂತ ಹೆಸರಿಲ್ಲ. ಇಪ್ಪತ್ತಮೂರು ಸಾವಿರ ಜನ ಫಾಲೋ ಮಾಡ್ತಾರೆ ರೀ ಅವನ್ನ. ಇದೊಂದಕ್ಕೇ ಹನ್ನೊಂದು ಸಾವಿರ ಹೂ ಬಿದ್ದಾವೆ."

ನನ್ನ ಮಗಳ ಹೆಸರು ಮಲ್ಲಿಗೆಯಲ್ಲ, ಮೂಕಮ್ಮ. ಕೊಲ್ಲೂರಿಗೆ ಹರಕೆ ಹೊತ್ತು ಹುಟ್ಟಿದವಳು. ಸತ್ತಾಗ ಅವಳಿಗೆ ಆರು ವರ್ಷ. ಅದಾಗಿ ಮೂವತ್ತೊಂದು ವರ್ಷ ಕಳೆದಿದೆ. ಗೆಜ್ಜೆಯನ್ನು ಮರಿಗೆ ಕಟ್ಟಿದ್ದು ನಾನು. ಆ ಮಾತನ್ನು ಮನೆಯವರಿಗೂ ಹೇಳಿದವಳಲ್ಲ, ಇಷ್ಟು ವರ್ಷದಲ್ಲಿ ಒಬ್ಬನಿಗೆ ಮಾತ್ರ ಹೇಳಿದ್ದೆ.

ನಾವು ಕುರಿಯವರು. ಭತ್ತದ ಕೊಯ್ಲು ಮುಗಿದ ಮೇಲೆ ಮಂದೆ ಹೊಡೆದುಕೊಂಡು ಸೊರಬದ ಕಡೆ ಹೋಗುತ್ತೇವೆ. ಕುರಿಯ ಹಿಕ್ಕೆ ಗದ್ದೆಗೆ ಗೊಬ್ಬರ. ರೈತರು ಕರೆದು ತಮ್ಮ ಗದ್ದೆಯಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ, ಭತ್ತ ಅಳೆದು ಕೊಡುತ್ತಾರೆ. ಗಂಡ ತೀರಿಕೊಂಡ ಮೇಲೆ ಮಂದೆ ನನ್ನ ಮೈದುನ ಕೆಂಪಪ್ಪನದು ಮತ್ತು ನನ್ನದು. ಗುಡವಿಗೆ ಹೋಗುವ ದಾರಿಯ ಎಡಕ್ಕೆ ಆನಂದಪ್ಪಗೌಡರ ಗದ್ದೆ ಇದೆ. ನಲವತ್ತು ವರ್ಷದಿಂದ ನಮ್ಮ ಮಂದೆ ಅಲ್ಲಿ ಹದಿನೈದು ದಿನ ನಿಲ್ಲುತ್ತದೆ. ಮೂಕಮ್ಮ ಇರುವುದೂ ಅವರ ಬದುವಿನಲ್ಲೇ. ಗುಂಡಿ ತೋಡಿದ್ದು ಆನಂದಪ್ಪಗೌಡರು.

ಅವರ ಮಗ ಮಾಲತೇಶ. ಸೊರಬದಲ್ಲಿ ಝೆರಾಕ್ಸ್ ಅಂಗಡಿ ಇಟ್ಟವನು. ಎರಡು ಸಂಕ್ರಾಂತಿಯ ಹಿಂದೆ ದಿನವೂ ಹೊತ್ತಿಳಿಯುವ ಮುಂಚೆ ಬಂದು ನನ್ನ ಒಲೆಯ ಪಕ್ಕ ಕೂರುತ್ತಿದ್ದ. ಮೊಬೈಲನ್ನು ಮಕಾಡೆ ಇಟ್ಟುಕೊಂಡು, "ನೀವು ಹೇಳ್ತಾ ಹೋಗಿ ದೊಡ್ಡಮ್ಮ, ಕೇಳೂಕೆ ಎಂತ ಚೆಂದ ಮಾರಾಯ್ತಿ" ಅನ್ನುತ್ತಿದ್ದ. ಗದ್ದೆಯ ಧಣಿಯ ಮಗ ಕುರಿಯವಳ ಮಾತಿಗೆ ಅಷ್ಟು ಹೊತ್ತು ಕಿವಿ ಕೊಟ್ಟದ್ದು ಅದೇ ಮೊದಲು. ಏಳು ಸಂಜೆ ಹೇಳಿದೆ. ಏಳನೇ ಸಂಜೆ ಮೂಕಮ್ಮನನ್ನೂ ಹೇಳಿದೆ.

ಅಂಗಡಿಯಲ್ಲಿ ಇದನ್ನೆಲ್ಲ ಕೇಳಿ ಶ್ರೀಲತಾ ಮಿಷನ್ ನಿಲ್ಲಿಸಿದಳು. ಆಮೇಲೆ ಅದರ ವಿಷಯ ಬಿಡಿಸಿ ಹೇಳಿದಳು. ಆ ಜಾಗದ ಹೆಸರು ಪಡಸಾಲೆ. ಯಾರು ಬೇಕಾದರೂ ಬರೆಯಬಹುದು. ಓದಿದವರಿಗೆ ಹಿಡಿಸಿದರೆ ಹೂ ಒತ್ತುತ್ತಾರೆ, ತಿಂಗಳ ಕೊನೆಗೆ ಹೂವಿನ ಲೆಕ್ಕದಲ್ಲಿ ಬರೆದವರಿಗೆ ದುಡ್ಡು ಬರುತ್ತದೆ. ಬರೆದದ್ದು ಸ್ವಂತದ್ದಾಗಿರಬೇಕು, ಕದ್ದದ್ದೆಂದು ತೋರಿಸಿದರೆ ಪುಟ ಮುಚ್ಚುತ್ತಾರೆ.

"ತೋರ್ಸೋಕೆ ನಿಮ್ಮತ್ರ ಏನೈತೆ?"

"ನಾನಿದ್ದೀನಲ್ಲ."

"ಅದು ಸಾಲೋದಿಲ್ಲ ರೀ ದ್ಯಾಮಮ್ಮ. ಅವನ ಹಿಂದೆ ಇಪ್ಪತ್ತಮೂರು ಸಾವಿರ ಜನ ಅದಾರೆ. ನೀವು ಹೇಳಿದ್ರೆ, ಯಾರೋ ಮುದುಕಿ ಹೊಟ್ಟೆಕಿಚ್ಚಿಗೆ ಅಂತಾಳೆ ಅಂತಾರೆ."

ಅದು ಸರಿಯೆನಿಸಿತು. ಹಾಗಾದರೆ ನನ್ನ ಹಿಂದೆಯೂ ಜನ ಬೇಕು ಅಂದೆ.

ಶ್ರೀಲತಾ ನನ್ನ ಮೊಬೈಲಿನಲ್ಲಿ ಪಡಸಾಲೆ ಹಾಕಿಕೊಟ್ಟಳು. ಮೈಕಿನ ಗುರುತು ಒತ್ತಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ. ಮೊದಲನೇ ದಿನ ಹುಲ್ಲುಗಾವಲಿನಲ್ಲಿ ಕೂತು ಹೇಳಿದ್ದನ್ನು ಕೆಂಪಪ್ಪ ಓದಿ ನಕ್ಕ.

"ಅತ್ತಿಗೆ, ನಡುವೆ ಕುರಿ ಬ್ಯಾ ಅಂದಿದ್ದನ್ನೂ ಬರ್ಕಂಡೈತೆ ನೋಡು."

"ಇರ್ಲಿ ಬಿಡು. ಅದ್ಯಾವ ಸುಳ್ಳು ಹೇಳೈತೆ?"

ಪುಟಕ್ಕೆ ನನ್ನ ಹೆಸರನ್ನೇ ಹಾಕಿದೆ. ದಿನಕ್ಕೊಂದು ಮಾತು, ಹೆಚ್ಚಿಲ್ಲ. ತಾಯಿ ಸತ್ತ ಮರಿಗೆ ಬೇರೆ ತಾಯಿಯ ಹಾಲು ಹಿಡಿಸುವುದು ಹೇಗೆ, ಮಳೆಗಾಲದಲ್ಲಿ ಗೊರಸು ಕೊಳೆತರೆ ಏನು ಮಾಡಬೇಕು, ಕಂಬಳಿಗೆ ಯಾವ ಉಣ್ಣೆ ಆಗುತ್ತದೆ. ಮೊದಲ ತಿಂಗಳಲ್ಲಿ ಒಂಬತ್ತು ಜನ. "ನೀವು ನನಗೆ ಹತ್ತು ಹೂ ಹಾಕಿದರೆ ನಾನು ನಿಮಗೆ ಹತ್ತು ಹಾಕುತ್ತೇನೆ" ಎಂದು ಒಬ್ಬಳು ಬರೆದಳು. ನಿನ್ನದನ್ನು ಕೇಳಿ ಹಿಡಿಸಿದರೆ ಹಾಕುತ್ತೇನೆ ಅಂದೆ. ಶ್ರೀಲತಾ ಕೈಲಿ ಓದಿಸಿ ಕೇಳಿದೆ. ಹಿಡಿಸಲಿಲ್ಲ.

ದೀಪಾವಳಿ ಹೊತ್ತಿಗೆ ಕುರಿಯವರು ಬರತೊಡಗಿದರು. ಹಿರೇಕೆರೂರಿನವರು, ರಾಣೇಬೆನ್ನೂರಿನವರು, ಹೊನ್ನಾಳಿ ಕಡೆಯವರು. ಅವರು ಕತೆಗೆ ಬಂದವರಲ್ಲ, ಕುರಿಗೆ ಬಂದವರು. ಯಾರು ಏನು ಕೇಳಿದರೂ ಉತ್ತರ ಕೊಟ್ಟೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದೆ. ಪುಷ್ಯ ಮಾಸಕ್ಕೆ ಇನ್ನೂರ ಹನ್ನೆರಡು ಜನ ಆದರು. ಹೂವಿನಿಂದ ಬಂದ ಕಾಸಿನಲ್ಲಿ ಶ್ರೀಲತಾ ಜೊತೆ ಒಂದೊಂದು ಚಾ ಕುಡಿದೆ.

ಅಷ್ಟರಲ್ಲಿ ಮಾಲತೇಶನ ಬರಹ ಪೂರ್ತಿ ಕೇಳಿ ಮುಗಿಸಿದ್ದೆ. ಒಟ್ಟು ನಲವತ್ತೊಂದು. ಒಂದೊಂದನ್ನೂ ಶ್ರೀಲತಾ ಹೊಲಿಯುತ್ತ ಓದುತ್ತಿದ್ದಳು, ನಾನು ಗೋಡೆಗೊರಗಿ ಕೇಳುತ್ತಿದ್ದೆ. ಎಲ್ಲವೂ ನನ್ನವು. ನನ್ನ ಮಾವನನ್ನು ತನ್ನ ಅಪ್ಪ ಮಾಡಿಕೊಂಡಿದ್ದ. ನನ್ನ ಕಂಬಳಿಯ ಫೋಟೋ ತನ್ನ ಪುಟದ ಮೇಲ್ಗಡೆ ಹಾಕಿಕೊಂಡಿದ್ದ. ನನಗೆ ಹೊಟ್ಟೆ ಉರಿದದ್ದು ಒಂದಕ್ಕೇ. ಮೂಕಮ್ಮ ಬದುಕಿದ್ದು ಆರು ವರ್ಷ. ಅವಳದು ಅಂತ ಉಳಿದದ್ದು ಒಂದು ಹೆಸರು. ಅದನ್ನು ತೆಗೆದು ಎಸೆದಿದ್ದ. ಆ ಹೆಸರು ಅವನ ಪುಟದಲ್ಲೇ, ಅವನ ಕೈಯಿಂದಲೇ ವಾಪಸು ಬರಬೇಕು ಎಂದು ಅವತ್ತೇ ತೀರ್ಮಾನಿಸಿದೆ. ಯಾರ ಹತ್ತಿರವೂ ಕೂಗಾಡಲಿಲ್ಲ. ಕೊಯ್ಲು ಮುಗಿಯುವವರೆಗೆ ಕಾದೆ.

ಮಂದೆ ಸೊರಬ ಮುಟ್ಟುವ ಹಿಂದಿನ ದಿನ ನನ್ನ ಪುಟದಲ್ಲಿ ಹೀಗೆ ಹಾಕಿದೆ:

"ನಾಳೆ ಸಂಜೆ ಒಬ್ಬರು ನನ್ನ ಹತ್ತಿರ ಕತೆ ಕೇಳಲು ಬರುತ್ತಾರೆ. ಅವರಿಗೆ ಒಂದು ಸುಳ್ಳು ಹೇಳುತ್ತೇನೆ. ನನ್ನ ಮಾವ ದಿನಾ ಸಂಜೆ ಮಂದೆ ಕೂಡುವ ಬಲೆಯ ಬಾಗಿಲಲ್ಲಿ ನಿಂತು ಒಂದೊಂದು ಕುರಿಯ ತಲೆ ಮುಟ್ಟಿ ಗಟ್ಟಿಯಾಗಿ ಎಣಿಸುತ್ತಿದ್ದ, ನೂರಾ ಹದಿಮೂರು ಆಗುವವರೆಗೆ ಉಣ್ಣುತ್ತಿರಲಿಲ್ಲ, ಅಂತ. ಇದು ಎಲ್ಲಾದರೂ ಕಂಡರೆ ನನಗೆ ತಿಳಿಸಿರಿ. ಅಲ್ಲಿಯವರೆಗೆ ಸುಮ್ಮನಿರಿ."

ಕುರಿ ಸಾಕದವರಿಗೆ ಇದರಲ್ಲಿ ಏನು ತಪ್ಪೆಂದು ತಿಳಿಯುವುದಿಲ್ಲ. ನಾವು ಕುರಿ ಎಣಿಸುವುದಿಲ್ಲ. ಬಾಯಿಬಿಟ್ಟು ಸಂಖ್ಯೆ ಹೇಳಿದರೆ ಮಂದೆ ಕರಗುತ್ತದೆ ಎಂದು ಹಿರಿಯರಿಂದ ಬಂದದ್ದು. ಮುಖ ನೋಡಿಯೇ ಯಾವುದು ಬಂತು, ಯಾವುದು ಬರಲಿಲ್ಲ ಎಂದು ಗೊತ್ತು ಮಾಡುತ್ತೇವೆ. ಎಷ್ಟು ಕುರಿ ಎಂದು ರೈತರು ಕೇಳಿದರೆ, "ಅದಾವೆ ಗೌಡ್ರೇ, ನಿಮ್ ಗದ್ದೆ ತುಂಬೋವಷ್ಟು" ಅಂದು ತೇಲಿಸುತ್ತೇವೆ. ಬದುವಿನ ಮೇಲೆ ನಿಂತು ನೋಡಿದವನಿಗೆ ಬಲೆ ಕಾಣುತ್ತದೆ, ನಾಯಿ ಕಾಣುತ್ತದೆ. ಇದು ಕಾಣುವುದಿಲ್ಲ.

ನನ್ನ ಇನ್ನೂರ ಹನ್ನೆರಡು ಜನ ಓದಿ ನಕ್ಕರು. "ಯಾರವ್ವ ಆ ಪುಣ್ಯಾತ್ಮ?" ಎಂದು ಹೊನ್ನಾಳಿಯವನೊಬ್ಬ ಕೇಳಿದ. ಸ್ವಲ್ಪ ತಡಿ ಅಪ್ಪ, ಗೊತ್ತಾಗ್ತದೆ ಅಂದೆ. ಮಾಲತೇಶ ನೋಡಿಬಿಟ್ಟರೆ ಎಂದು ಶ್ರೀಲತಾ ಹೆದರಿದಳು. ನನಗೆ ಆ ಹೆದರಿಕೆ ಇರಲಿಲ್ಲ. ಅವನಿಗೆ ತನ್ನ ಹೂವು ನೋಡುವುದರಲ್ಲೇ ಹೊತ್ತು ಹೋಗುತ್ತಿತ್ತು, ಬೇರೆಯವರ ಪುಟ ತೆರೆದವನಲ್ಲ.

ಮರುದಿನ ಬಂದ. ಬರುವಾಗ ಒಂದು ಪೊಟ್ಟಣ ಖಾರ ಮಂಡಕ್ಕಿ ತಂದಿದ್ದ.

"ದೊಡ್ಡಮ್ಮ, ಈ ಸಲ ಕುರಿ ಔಷಧಿ ಹೇಳಿ. ಹೊಟ್ಟೆ ಉಬ್ಬರಕ್ಕೆ ಎಂತ ಕೊಡೂದು?"

ನಾಲಿಗೆಯ ತುದಿಗೆ ಬಂದಿತ್ತು. ಒಂದು ಸೊಪ್ಪಿನ ಹೆಸರು ಬದಲಿಸಿ ಹೇಳಿದರೆ ಸಾಕು, ಅವನನ್ನು ನಂಬಿದವರ ಕುರಿ ಸಾಯುತ್ತಿದ್ದವು, ಜನ ಬಡಿಗೆ ಹಿಡಿದು ಸೊರಬಕ್ಕೆ ಬರುತ್ತಿದ್ದರು. ಆದರೆ ಕುರಿ ಏನು ಮಾಡಿತ್ತು?

"ಔಷಧಿ ಡಾಕ್ಟ್ರನ್ನ ಕೇಳು ತಮ್ಮಾ. ನಾನು ಮಾವನ ಕತೆ ಹೇಳ್ತೀನಿ" ಅಂದೆ. ಹೇಳಿದೆ. ನೂರಾ ಹದಿಮೂರು ಅಂದಾಗ ಅವನ ಕಣ್ಣು ಅಗಲವಾಯಿತು.

"ಒಂದೂ ತಪ್ತಿರ್ಲಿಲ್ವಾ?"

"ಒಂದೂ ಇಲ್ಲ."

ಏಳುವಾಗ ಅವನನ್ನು ಕೇಳಿದೆ. "ನಾನು ಹೇಳಿದ್ದನ್ನೆಲ್ಲ ಏನ್ ಮಾಡ್ತೀಯ ಮಾಲತೇಶ?"

"ಎಂತ ಮಾಡೂದು ದೊಡ್ಡಮ್ಮ, ಕೇಳಿ ಖುಷಿ ಪಡೂದು ಅಷ್ಟೇ."

ಅವತ್ತು ಅವನು ಇದ್ದದ್ದನ್ನು ಹೇಳಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಅವನು ಹೇಳಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಶ್ರೀಲತಾ ಫೋನು ಮಾಡಿದಳು. "ಬಂತು ರೀ! ನನ್ನಪ್ಪ ಎಣಿಸುತ್ತಿದ್ದ ನೂರಾ ಹದಿಮೂರು ಅಂತ ತಲೆಬರಹ. ಆರು ಸಾವಿರ ಹೂ ಆಗ್ಲೇ!"

ನನ್ನ ಪುಟದವರಿಗೆ ತಿಳಿಸಿದೆ. ಈಗ ಮಾತಾಡಿರಿ ಅಂದೆ.

ಮೊದಲು ರಾಣೇಬೆನ್ನೂರಿನವನು ಕೇಳಿದ: "ಯಾವ ಕುರಿಯವ ಬಾಯಿಬಿಟ್ಟು ಎಣಿಸ್ತಾನ್ರಿ?" ನಮ್ಮ ಮನೆತನದಲ್ಲಿ ಹಾಗೇ ಪದ್ಧತಿ ಎಂದು ಮಾಲತೇಶ ಉತ್ತರ ಬರೆದ. "ಯಾವ ಮನೆತನ? ನಿಮ್ ಕುರಿ ಕಿವಿ ಗುರುತು ಹೇಳು ನೋಡಾಣ" ಎಂದ ಮತ್ತೊಬ್ಬ. ಮನೆಮನೆಗೂ ಕಿವಿ ಕೊಯ್ಯುವ ಗುರುತು ಬೇರೆ ಬೇರೆ, ನಮ್ಮಲ್ಲಿ ಮಗುವೂ ಅದನ್ನು ಹೇಳುತ್ತದೆ. ಮಾಲತೇಶ ಹೇಳಲಿಲ್ಲ. "ನಿಮ್ಮಪ್ಪ ಎಣಿಸಿದ್ದು ಕುರಿನೋ ಝೆರಾಕ್ಸ್ ಹಾಳೆನೋ?" ಎಂದು ಸೊರಬದವನೇ ಯಾರೋ ಬರೆದ. ಅವನಿಗೆ ಆಳು ಯಾರೆಂದು ಗೊತ್ತಾಗಿತ್ತು. ಹತ್ತು ಗಂಟೆಗೆ ಹೊನ್ನಾಳಿಯವನು ನನ್ನ ಹಳೆಯ ಬರಹವನ್ನು ತಾರೀಖಿನ ಸಮೇತ ತಂದು ಅದರ ಕೆಳಗೆ ಅಂಟಿಸಿದ. ಹೇಳುತ್ತೇನೆಂದ ಸುಳ್ಳು, ಹೇಳಿದ ದಿನ, ಅದೇ ಸಂಖ್ಯೆ.

ಮಾಲತೇಶ ಅದನ್ನು ಅಳಿಸುವಷ್ಟರಲ್ಲಿ ನೂರಾರು ಜನ ಫೋಟೋ ತೆಗೆದಿಟ್ಟುಕೊಂಡಿದ್ದರು.

ಮಧ್ಯಾಹ್ನ ಪಡಸಾಲೆಯ ಕಚೇರಿಯಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿದಳು. ಎಲ್ಲ ಕೇಳಿಕೊಂಡು ನನ್ನ ಹೆಸರಲ್ಲಿ ದೂರು ಬರೆದುಕೊಂಡಳು. "ನೀವು ಹೇಳಿದ್ರೆ ಆ ಅಕೌಂಟ್ ಈಗ್ಲೇ ಮುಚ್ತೀವಿ ಅಮ್ಮ. ಬಂದಿರೋ ಹೂವೆಲ್ಲ ನಿಮ್ಮ ಪುಟಕ್ಕೆ ಬರ್ತವೆ."

"ಹೂ ಕೊಡಿ. ಪುಟ ಮುಚ್ಚಬೇಡಿ, ಅದರಲ್ಲಿ ಕೆಲಸ ಐತೆ" ಅಂದೆ.

ಆಮೇಲೆ ಕೆಂಪಪ್ಪನನ್ನು ಕರೆದು ಬಲೆ ಕೀಳು ಅಂದೆ.

"ಅತ್ತಿಗೆ, ಇನ್ನೂ ಹತ್ತು ದಿನ ಐತಲ್ಲ?"

"ಕೀಳು."

ಆನಂದಪ್ಪಗೌಡರ ಗದ್ದೆಯಿಂದ ಮಂದೆ ನಡುವೆ ಎದ್ದು ಪಕ್ಕದ ಗದ್ದೆಗೆ ಹೋಯಿತು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಯಾರ ಗದ್ದೆಯಿಂದ ಮಂದೆ ಅರ್ಧಕ್ಕೆ ಎದ್ದರೂ ಆ ಮನೆಯಲ್ಲಿ ಏನೋ ನಡೆದಿದೆ ಎಂದೇ ಲೆಕ್ಕ. ಮುಂದೆ ಬರುವ ಮಂದೆಗಳೂ ಅಲ್ಲಿ ಇಳಿಯಬಾರದು ಎಂದು ಕೆಂಪಪ್ಪ ತನ್ನವರಿಗೆಲ್ಲ ಹೇಳಿ ಕಳಿಸಿದ.

ಮರುದಿನ ಆನಂದಪ್ಪಗೌಡರು ಬಂದರು. ಗಾಡಿ ಓಡಿಸಿಕೊಂಡು ಬಂದವನು ಮಾಲತೇಶ. ಅವನು ಗಾಡಿ ಬಿಟ್ಟು ಇಳಿಯಲಿಲ್ಲ.

"ದ್ಯಾಮಮ್ಮ, ನಲವತ್ತು ವರ್ಷದಾಗೆ ಹಿಂಗೆ ಆಗಿದ್ದಿಲ್ಲ. ನನ್ನಿಂದ ಎಂತ ತಪ್ಪಾತು?"

"ನಿಮ್ಮಿಂದ ಏನೂ ಇಲ್ಲ ಗೌಡ್ರೇ. ನಿಮ್ಮ ಮಗ ಒಂದು ಬರೆದಾನೆ. ಅವನ ಬಾಯಲ್ಲೇ ಓದಿಸ್ರಿ."

ಮಾಲತೇಶ ನೆಲ ನೋಡಿದ. "ಓದೋ" ಅಂದರು ಗೌಡರು. ಅವನು ಗಾಡಿಯಿಂದ ಇಳಿದು, ಕೊಯ್ದ ಭತ್ತದ ಕೂಳೆಗಳ ನಡುವೆ ನಿಂತು ಮಲ್ಲಿಗೆಯ ಕತೆ ಓದಿದ. ಬದುವಿನಲ್ಲಿ ಹೂತೆವು ಎನ್ನುವಲ್ಲಿಗೆ ಬಂದಾಗ ಗೌಡರು ಕೈ ಎತ್ತಿದರು.

"ತಡಿ. ಗುಂಡಿ ತೋಡಿದವ ನಾನು. ಇದ್ರಾಗೆ ನಾನೆಲ್ಲಿದ್ದೀನಿ?"

ಅವನು ಮೊಬೈಲನ್ನು ಕಿಸೆಗೆ ಇಳಿಸಿದ.

"ಮಲ್ಲಿಗೆ ಅಂದ್ರೆ ಯಾರೋ?"

"ಮೂಕಮ್ಮ ಅಂದ್ರೆ ಓದೋರಿಗೆ ಹಿಡಿಸೂದಿಲ್ಲ ಅಂತ... ಅಪ್ಪಯ್ಯ, ನಾನು..."

"ನನ್ನ ಅಪ್ಪಯ್ಯ ಅನ್ಬೇಡ. ನಿನ್ನ ಅಪ್ಪ ಎಲ್ಲೋ ಕುರಿ ಎಣಿಸ್ತಿದ್ದಾನಲ್ಲ, ಅವನ್ನ ಕರಿ."

ಕೆಂಪಪ್ಪ ಮುಖ ಆ ಕಡೆ ತಿರುಗಿಸಿಕೊಂಡ. ನನಗೆ ನಗು ಬರಲಿಲ್ಲ.

"ದೊಡ್ಡಮ್ಮ, ತಪ್ಪಾತು. ಇವತ್ತೇ ಅಕೌಂಟ್ ಮುಚ್ಚಿ ಬಿಡ್ತೆ" ಅಂದ ಮಾಲತೇಶ.

"ಮುಚ್ಚಿದ್ರೆ ನಿನಗೆ ಸುಖ. ಮುಚ್ಚಬೇಡ. ಅಳಿಸಿದ್ದನ್ನೂ ಸೇರಿಸಿ ನಲವತ್ತೆರಡು ಅದಾವೆ. ದಿನಕ್ಕೊಂದು ತಿರುಗಿ ಹಾಕಬೇಕು. ಮೇಲ್ಗಡೆ ಬರೀಬೇಕು: ಇದು ದ್ಯಾಮಮ್ಮನದು, ನಾನು ಕದ್ದೆ, ಅಂತ. ನಿನ್ನ ಸ್ವಂತ ಹೆಸರು, ನಿನ್ನ ಅಂಗಡಿ ಹೆಸರು ಹಾಕಬೇಕು. ಕೆಳಗೆ ಜನ ಏನೇ ಬೈದ್ರೂ ಒಂದನ್ನೂ ತೆಗೀಬಾರ್ದು. ಮೂಕಮ್ಮಂದು ಕೊನೆಗೆ."

"ನಲವತ್ತೆರಡು ದಿನ!"

"ನಾನು ಏಳು ತಿಂಗಳು ಕಾದೀನಿ."

ಗೌಡರು ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಗಾಡಿ ಹತ್ತಿದರು.

ಅವನು ಹಾಕತೊಡಗಿದ. ಹಾಕದೆ ದಾರಿ ಇರಲಿಲ್ಲ. ದೂರು ನನ್ನ ಕೈಯಲ್ಲಿತ್ತು, ಮನೆಯಲ್ಲಿ ಅಪ್ಪನಿದ್ದ. ಅಷ್ಟರಲ್ಲಿ ಇಪ್ಪತ್ತೈದು ಸಾವಿರಕ್ಕೆ ಏರಿದ್ದ ಅವನ ಜನ ವಾರದಲ್ಲಿ ಹದಿನಾರು ಸಾವಿರವಾದರು. ಹೋಗುವವರು ಸುಮ್ಮನೆ ಹೋಗಲಿಲ್ಲ, ಒಂದೊಂದು ಮಾತು ಉಗುಳಿ ಹೋದರು. ಅಂಗಡಿಗೆ ಬಂದವರು, "ಆಧಾರ್ ಕಾಪಿ ತೆಗಿ ಮಾರಾಯ, ನೂರಾ ಹದಿಮೂರು ಬೇಡ, ಒಂದು ಸಾಕು" ಅನ್ನುತ್ತಿದ್ದರಂತೆ. ಇದನ್ನು ಕೇಳಿದ ದಿನ ನಾನು ಎರಡು ರೊಟ್ಟಿ ಹೆಚ್ಚು ಉಂಡೆ.

ಒಂಬತ್ತನೇ ದಿನ ಅವನ ಫೋನು ಬಂತು.

"ಸಾಕು ಮಾಡಿ ದೊಡ್ಡಮ್ಮ. ಅಂಗಡಿ ಬಾಗ್ಲು ತೆಗಿಯೂಕೆ ನಾಚಿಕೆ ಆಗ್ತದೆ."

"ಇನ್ನು ಮೂವತ್ತಮೂರು" ಅಂದೆ.

ಅವನಿಂದ ಬಿಟ್ಟವರಲ್ಲಿ ಬಹಳ ಜನ ನನ್ನ ಪುಟಕ್ಕೆ ಬಂದರು. ಬಂದವರಲ್ಲಿ ಅರ್ಧ ಜನ ಹೋದರು. "ಕದ್ದರೂ ಅವನೇ ಚೆನ್ನಾಗಿ ಬರೆಯುತ್ತಿದ್ದ, ಅಜ್ಜಿಯದು ಒಣ ಒಣ" ಎಂದು ಒಬ್ಬ ಬರೆದ. ಇರಬಹುದು. ಹಾಗೆ ಬರೆದವನಿಗೆ ಕುರಿ ಬೇಕಿರಲಿಲ್ಲ. ಉಳಿದವರು ಮೂರು ಸಾವಿರ ಚಿಲ್ಲರೆ. ದಿನಾ ಕೇಳುತ್ತಾರೆ, ದಿನಾ ಹೇಳುತ್ತೇನೆ. ಈಗ ಬರುವ ಹೂವಿನಲ್ಲಿ ಮಂದೆಯ ಹಿಂಡಿ, ಔಷಧಿಯ ಖರ್ಚು ನಡೆಯುತ್ತದೆ.

ಮಂದೆ ತಿರುಗಿ ಶಿಕಾರಿಪುರದ ಕಡೆ ಬಂದಿತ್ತು. ಇಪ್ಪತ್ತೇಳನೇ ದಿನವೋ ಏನೋ, ಶ್ರೀಲತಾ ನೂಲು ಕಚ್ಚಿ ಹರಿಯುತ್ತ ಹೇಳಿದಳು: "ಪಾಪ ರೀ ದ್ಯಾಮಮ್ಮ. ಇನ್ನು ಬಿಟ್ಟುಬಿಡ್ರಿ. ಹೆಂಡ್ತಿ ತವರಿಗೆ ಹೋಗ್ಯಾಳಂತೆ."

"ಬರ್ತಾಳೆ ಬಿಡು. ಹೋದೋರು ಬರೋದಾದ್ರೆ ನಾನೂ ಬಿಡ್ತಿದ್ದೆ."

ಅವಳು ಸೂಜಿಗೆ ಇನ್ನೊಂದು ನೂಲು ಪೋಣಿಸಿದಳು.

ನಲವತ್ತೆರಡನೇ ದಿನ ನಾನು ಬೆಳಿಗ್ಗೆಯೇ ಅಂಗಡಿಗೆ ಹೋಗಿ ಕೂತೆ. ಹನ್ನೊಂದಾಯಿತು, ಹನ್ನೆರಡಾಯಿತು. ಪುಟದಲ್ಲಿ ಏನೂ ಬರಲಿಲ್ಲ. ಊಟದ ಹೊತ್ತಿಗೆ ಅವನ ಫೋನು ಬಂತು. ಹಿಂದೆ ಗಾಳಿಯ ಸದ್ದು ಕೇಳುತ್ತಿತ್ತು.

"ದೊಡ್ಡಮ್ಮ, ಬದುವಿನ ಮೇಲೆ ಇದ್ದೇನೆ. ಅಪ್ಪಯ್ಯ ಜಾಗ ತೋರಿಸಿದ್ರು. ಹಳೇದನ್ನೇ ಹಾಕೂಕೆ ಮನಸ್ಸಿಲ್ಲ, ಹೊಸದಾಗಿ ಸರಿಯಾಗಿ ಬರಿತೆ. ಅವಳು ನೋಡೂಕೆ ಹೆಂಗಿದ್ಲು? ಎಂತ ಮಾತಾಡ್ತಿದ್ಲು? ಅದೊಂದು ಹೇಳಿ."

ಅವನ ದನಿ ನಿಜವಾಗಿತ್ತು. ಅದು ನನಗೆ ಗೊತ್ತಾಯಿತು. ಮೂಕಮ್ಮನ ಮುಖ ನನ್ನ ಕಣ್ಣ ಮುಂದೆಯೇ ಇತ್ತು. ಮುಂದಿನ ಎರಡು ಹಲ್ಲು ಬಿದ್ದಿದ್ದವು. ಟಗರಿಗೆ ಹೆದರುತ್ತಿರಲಿಲ್ಲ, ಕಪ್ಪೆಗೆ ಹೆದರುತ್ತಿದ್ದಳು. ಅವನಿಗೆ ಒಂದು ಮಾತು ಕೊಟ್ಟಿದ್ದರೂ ಅವನು ಅದನ್ನು ಚೆಂದವಾಗಿ ಬರೆಯುತ್ತಿದ್ದ, ಜನ ಅಳುತ್ತಿದ್ದರು, ಅವನನ್ನು ಕ್ಷಮಿಸುತ್ತಿದ್ದರು.

"ಅವಳ ಹೆಸರು ಹಾಕು. ಅವರವ್ವನ ಹೆಸರು ಹಾಕು. ಯಾರ ಗದ್ದೆ, ಗುಂಡಿ ತೋಡಿದ್ದು ಯಾರು, ಅದನ್ನ ಹಾಕು. ಉಳಿದಿದ್ದು ನಿನಗಿಲ್ಲ" ಅಂದೆ. ಫೋನು ಇಟ್ಟೆ.

ನಾಲ್ಕು ಗಂಟೆಗೆ ಬಂತು. ಶ್ರೀಲತಾ ಓದಿದಳು:

"ಅವಳ ಹೆಸರು ಮೂಕಮ್ಮ. ದ್ಯಾಮಮ್ಮನ ಮಗಳು. ನಮ್ಮ ಗದ್ದೆಯ ಬದುವಿನಲ್ಲಿದ್ದಾಳೆ, ಗುಂಡಿ ತೋಡಿದ್ದು ನಮ್ಮಪ್ಪ. ನಾನು ಅವಳ ಹೆಸರು ತೆಗೆದು ಬೇರೆ ಹೆಸರಿಟ್ಟು ಮಾರಿಕೊಂಡೆ."

ಇನ್ನೊಮ್ಮೆ ಓದು ಅಂದೆ. ಓದಿದಳು. ಗುಂಡಿ ಹಚ್ಚುವ ಹೆಂಗಸು ಸೂಜಿ ಹಿಡಿದುಕೊಂಡೇ ಕೂತಿದ್ದಳು. ಮೂರನೇ ಸಲ ಓದು ಅಂದಾಗ ಶ್ರೀಲತಾ ಹೆಸರಿರುವ ಸಾಲನ್ನಷ್ಟೇ ಓದಿದಳು.

ಆಮೇಲೆ ಮೆಲ್ಲಗೆ ಕೇಳಿದಳು: "ಇವತ್ತಿಗೆ ಮುಗೀತಲ್ಲ ರೀ. ಆಫೀಸಿಗೆ ಫೋನ್ ಹಚ್ಚಿ ಕೊಡ್ಲಾ? ದೂರು ವಾಪಸ್ ತಗೋತೀರಾ?"

"ಬೇಡ. ಆ ಸಾಲು ಅವನ ಪುಟದ ಮೇಲ್ಗಡೆ ಇರೋವಷ್ಟು ದಿನ ದೂರು ಸುಮ್ಮನಿರ್ತದೆ. ತೆಗೆದ ದಿನ ಏಳ್ತದೆ. ಅವನಿಗೆ ಹಂಗಂತ ಹೇಳು" ಅಂದೆ.

ಅವಳು ಅದನ್ನು ಬರೆದು ಕಳಿಸುವವರೆಗೆ ಪಕ್ಕದಲ್ಲೇ ಕೂತಿದ್ದೆ.